ಹದಿನೈದನೆಯ ಕೋಲು

ಅರಿಶಿನ ಒಂದು ರಾತ್ರಿ ಕಬ್ಬಿಣದ ಮೇಲೆ ಕೂತರೆ ಅದರ ವಾಸನೆಯೇ ಬದಲಾಗುತ್ತದೆ. ನೀವು ಗಮನಿಸಿದ್ದೀರೋ ಇಲ್ಲವೋ ಗೊತ್ತಿಲ್ಲ. ಡಬ್ಬಿಯಲ್ಲಿರುವ ಅರಿಶಿನ ಅಡುಗೆಮನೆಯದು. ಕಬ್ಬಿಣಕ್ಕೆ ಹತ್ತಿದ ಅರಿಶಿನಕ್ಕೆ ಬೆವರಿದ ಅಂಗೈಯಲ್ಲಿ ಬಹಳ ಹೊತ್ತು ಹಿಡಿದ ಬೀಗದ ಕೈಯ ವಾಸನೆ. ಮೊನ್ನೆ ದಸರೆಯ ಮರುದಿನ ಬೆಳಿಗ್ಗೆ, ಪುಣೆಯ ಬಿಬವೇವಾಡಿಯ ನಮ್ಮ ಮನೆಯ ಬಾಲ್ಕನಿಯಲ್ಲಿ ಮಣೆ ಹಾಕಿಕೊಂಡು ಕೂತು, ಹಳೆಯ ಟೂತ್‌ಬ್ರಶ್ಶಿನಿಂದ ನನ್ನ ಗಾಲ್ಫ್ ಕೋಲುಗಳ ಮುಖ ತಿಕ್ಕುತ್ತಿದ್ದೆ. ನಮ್ಮ ಕಡೆ ಮಹಾನವಮಿಗೆ ಖಂಡೆ ಪೂಜೆ ಎಂದರೆ ಮನೆಯ ಆಯುಧಗಳಿಗೆಲ್ಲ ಪೂಜೆ. ನನ್ನ ಹೆಂಡತಿ ಸುನಂದಾ ಧಾರವಾಡದವಳು. ಅವಳ ಲೆಕ್ಕದಲ್ಲಿ ಈಳಿಗೆ, ಕತ್ತರಿ, ಸ್ಕ್ರೂಡ್ರೈವರ್, ಮಿಕ್ಸರ್, ನನ್ನ ಗಾಲ್ಫ್ ಕೋಲು ಎಲ್ಲವೂ ಒಂದೇ ಪಂಕ್ತಿ. ಎಲ್ಲಕ್ಕೂ ಅರಿಶಿನ, ಕುಂಕುಮ, ಒಂದೊಂದು ಚೆಂಡುಹೂ. ಕೋಲುಗಳ ಮುಖದ ಮೇಲಿನ ಗೆರೆಗಳಲ್ಲಿ ಕುಂಕುಮ ಸೇರಿಕೊಂಡರೆ ತೆಗೆಯುವುದಕ್ಕೆ ನನಗೆ ಅರ್ಧ ದಿನ ಬೇಕು.

ಈ ವರ್ಷ ಕೆಲಸ ಇನ್ನೂ ಒಂದಿತ್ತು. ಬೇಸಿಗೆಯಲ್ಲಿ ನನ್ನ ಬಲಭುಜದ ಆಪರೇಷನ್ ಆಯಿತು. ಆರು ತಿಂಗಳು ಕಳೆದ ಮೇಲೆ ಡಾಕ್ಟರು ಕೃಪೆ ಮಾಡಿ, ‘ಆಡಿ, ಆದರೆ ಅರ್ಧ ಆಟ, ಒಂಬತ್ತು ಹೋಲ್ ಮಾತ್ರ, ಚೀಲದಲ್ಲಿ ಏಳು ಕೋಲಿಗಿಂತ ಹೆಚ್ಚು ಹೊರಬೇಡಿ’ ಎಂದರು. ಐದನ್ನು ಹೇಗೋ ಆರಿಸಿದೆ. ಉಳಿದ ಎರಡಕ್ಕಾಗಿ ವೆಜ್‌ಗಳ ಹತ್ತಿರ ಬಂದು ನಿಂತುಬಿಟ್ಟೆ.

ಗಾಲ್ಫ್ ಗೊತ್ತಿಲ್ಲದವರು ಪುಟ ತಿರುವಬೇಡಿ, ಬೇಗ ಹೇಳಿ ಮುಗಿಸುತ್ತೇನೆ. ದೂರ ಹೊಡೆಯುವ, ಐರನ್ ಮುಂತಾದ ಕೋಲುಗಳು ಬೇರೆ. ಗುರಿ ಹತ್ತಿರ ಬಂದಾಗ, ಚೆಂಡನ್ನು ಎತ್ತಿ ಮೆತ್ತಗೆ ಇಳಿಸಬೇಕಾದಾಗ ಹಿಡಿಯುವ, ಮುಖ ಹಿಂದಕ್ಕೆ ವಾಲಿದ ಕೋಲಿಗೆ ವೆಜ್ ಎನ್ನುತ್ತಾರೆ. ಎಷ್ಟು ವಾಲಿದೆಯೋ ಅಷ್ಟು ಡಿಗ್ರಿ. ನನ್ನ ಹತ್ತಿರ ನಾಲ್ಕಿವೆ: ನಲವತ್ತಾರರ ಪಿಚಿಂಗ್ ವೆಜ್, ನಡುವಿನ ದೂರಕ್ಕೆ ಐವತ್ತೆರಡರದು, ಮರಳಗುಂಡಿಯಿಂದ ಏಳಲು ಐವತ್ತಾರರದು, ಮರ ದಾಟಿಸಿ ಚೆಂಡನ್ನು ತಟ್ಟನೆ ಕೂರಿಸಲು ಅರವತ್ತರದು. ಕಡೆಯದು ನನ್ನ ಕೈಯಲ್ಲಿ ಚೆಂಡನ್ನು ನೇರ ಮೇಲಕ್ಕೆ ಒಯ್ದು ನನ್ನ ಬೂಟಿನ ಬಳಿಯೇ ಇಳಿಸುತ್ತದೆ, ಆ ಮಾತು ಬೇರೆ. ಸ್ಪರ್ಧೆಯಲ್ಲಿ ಚೀಲದಲ್ಲಿ ಹದಿನಾಲ್ಕು ಕೋಲಿಗಿಂತ ಹೆಚ್ಚಿರಬಾರದು ಎಂಬುದು ಆಟದ ನಿಯಮ. ಹದಿನೈದನೆಯದನ್ನು ನೀವು ಮುಟ್ಟದೇ ಇದ್ದರೂ ದಂಡ ಬೀಳುತ್ತದೆ. ಇಷ್ಟು ತಿಳಿದರೆ ಸಾಕು, ಮುಂದಿನದಕ್ಕೆ ಗಾಲ್ಫ್ ಬೇಕಾಗಿಲ್ಲ.

ನಾಲ್ಕನ್ನೂ ಹಾಸಿಗೆಯ ಮೇಲೆ ಸಾಲಾಗಿ ಮಲಗಿಸಿಕೊಂಡು ನೋಡುತ್ತ ನಿಂತಿದ್ದೆ. ಸುನಂದಾ ಒಣಗಿದ ಬಟ್ಟೆಯ ರಾಶಿ ಹೊತ್ತುಕೊಂಡು ಬಂದವಳು, ಇಡಲು ಜಾಗವಿಲ್ಲದೆ ನಿಂತಳು.

“ಏನ್ರೀ, ಕನ್ಯಾ ನೋಡ್ಲಿಕ್ಕೆ ಬಂದವ್ರ ಗತೆ ನಿಂತೀರಲ್ಲ? ಒಂದ ಗಂಟೆ ಆತು.”

“ಯಾವುದನ್ನ ಬಿಡ್ಲಿ ತಿಳೀವಲ್ದು.”

“ನಿಮಗ ಯಾವಾಗ ತಿಳದದ? ಮೂವತ್ತೆಂಟ ವರ್ಷದಾಗ ಒಂದರೆ ಸಾಮಾನ ಮನ್ಯಾಗ ಬಿಟ್ಟು ಊರಿಗೆ ಹೋಗೀರೇನು?”

ಅವಳು ಹೇಳಿದ್ದರಲ್ಲಿ ಸುಳ್ಳಿಲ್ಲ. ನನಗೆ ಬಿಡುವುದು ಬರುವುದಿಲ್ಲ. ಮಹಾಬಳೇಶ್ವರಕ್ಕೆ ಎರಡು ದಿನಕ್ಕೆ ಹೋದರೂ ನನ್ನ ಚೀಲದಲ್ಲಿ ಎರಡು ಛತ್ರಿ, ಮೂರು ಪೆನ್ನು, ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಮತ್ತು ಮೊದಲ ಛತ್ರಿಯ ಕಡ್ಡಿ ಮುರಿದರೆ ಕಟ್ಟಲು ತಂತಿ ಇರುತ್ತವೆ. ಈ ಗುಣಕ್ಕೂ ನನ್ನ ಕೆಲಸಕ್ಕೂ ಏನೂ ಸಂಬಂಧವಿಲ್ಲ ಎನ್ನುವುದು ಇನ್ನೊಂದು ತಮಾಷೆ. ನಾನು ಬೇರಿಂಗ್ ಮಾಡುವ ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷೆಯವನಾಗಿದ್ದೆ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಪೆಟ್ಟಿಗೆಗಟ್ಟಲೆ ಮಾಲನ್ನು ವಾಪಸ್ ಕಳಿಸುತ್ತಿದ್ದೆ. ನನ್ನನ್ನು ಕಂಡರೆ ಹರಟೆ ನಿಲ್ಲಿಸಿ ಎಲ್ಲರೂ ಮಶೀನಿನ ಕಡೆ ತಿರುಗುತ್ತಿದ್ದರು. ಐವತ್ತನೆಯ ವಯಸ್ಸಿಗೆ ಬಡ್ತಿ ಬಂದಾಗ, ಬಂದ ಗಿರಾಕಿಗಳ ಜೊತೆ ಆಡಲಿ ಎಂದು ಕಂಪನಿ ನನಗೊಂದು ಗಾಲ್ಫ್ ಸದಸ್ಯತ್ವ ಕೊಟ್ಟಿತು. ಗೋಕಾಕದ ಕಡೆಯ ಹುಡುಗ ಗಾಲ್ಫ್ ಆಡುವುದೇ! ಊರಿಗೆ ಹೋದಾಗ ನನ್ನ ಸೋದರಮಾವ, “ಅದರಾಗ ಓಡೂದ ಇಲ್ಲಂತಲ್ಲೋ, ಮತ್ತ ಆಟಾ ಹೆಂಗ ಆತು?” ಎಂದು ಕೇಳಿದ್ದ.

ಆಟ ಕಲಿಸಲು ಒಬ್ಬ ಕೋಚ್ ಇದ್ದರು. ಆದರೆ ನಾನು ಕಲಿತದ್ದು ಮೈಲಾರಪ್ಪನಿಂದ.

ಮೈಲಾರಪ್ಪ ನನ್ನ ಕ್ಯಾಡಿ, ಅಂದರೆ ಚೀಲ ಹೊತ್ತು ಜೊತೆಗೆ ನಡೆಯುವವನು. ಚೀಲ ಹೊರುವುದು ಅವನ ಕೆಲಸದಲ್ಲಿ ನಾಲ್ಕಾಣೆ ಪಾಲು. ಗಾಳಿ ಎತ್ತ ಬೀಸುತ್ತಿದೆ, ಹುಲ್ಲು ಎತ್ತ ಮಲಗಿದೆ, ಸಾಹೇಬರು ಇವತ್ತು ಮನೆಯಲ್ಲಿ ಜಗಳಾಡಿ ಬಂದಿದ್ದಾರೋ ಇಲ್ಲವೋ, ಇದನ್ನೆಲ್ಲ ನೋಡಿ ಯಾವ ಕೋಲು ಕೈಗೆ ಕೊಡಬೇಕೆಂದು ಗೊತ್ತುಮಾಡುವುದು ಮಿಕ್ಕ ಹನ್ನೆರಡಾಣೆ. ಅವನ ಅಪ್ಪ ಇಂಡಿ ತಾಲೂಕಿನಿಂದ ಕಟ್ಟಡದ ಕೆಲಸಕ್ಕೆ ಪುಣೆಗೆ ಬಂದವನಂತೆ. ಗಾಲ್ಫ್ ಮೈದಾನದಲ್ಲಿ ಎಲ್ಲರೂ ಮೈಲಾರಪ್ಪನನ್ನು ಮರಾಠಿಯಲ್ಲಿ ಮಲ್ಹಾರಿ ಎನ್ನುತ್ತಿದ್ದರು. ಮೊದಲ ದಿನ ನಾನು ಮರಳಗುಂಡಿಯಲ್ಲಿ ಆರನೆಯ ಹೊಡೆತಕ್ಕೂ ಚೆಂಡು ಏಳದೆ “ಥೂ ಇದರ!” ಎಂದು ಅಚ್ಚ ಕನ್ನಡದಲ್ಲಿ ಬೈದಾಗ, ಹಿಂದಿನಿಂದ ದನಿ ಬಂತು: “ಸಾಹೇಬ್ರ, ನೀವು ನಮ್ಮವ್ರೇನ್ರಿ? ಮದಲ ಹೇಳಬಾರದೇನ್ರಿ! ಚೆಂಡ ಹೊಡೀಬ್ಯಾಡ್ರಿ, ಅದರ ಹಿಂದಿನ ಉಸುಕು ಹೊಡೀರಿ.” ಹೊಡೆದೆ. ಚೆಂಡು ಎದ್ದು ಬಂದು ಹುಲ್ಲಿನ ಮೇಲೆ ಕೂತಿತು. ಅವತ್ತಿನಿಂದ ಹಲವು ವರ್ಷ ನನ್ನ ಚೀಲ ಬೇರೆ ಯಾರ ಹೆಗಲೂ ಏರಲಿಲ್ಲ. ಬರೆಯುವಾಗ ‘ಅವನು’ ಎನ್ನುತ್ತಿದ್ದೇನೆ, ಅದು ಸಲಿಗೆ. ನನಗಿಂತ ನಾಲ್ಕು ವರ್ಷ ದೊಡ್ಡವನು, ಎದುರಿಗೆ ‘ರೀ’ ಹಚ್ಚದೆ ನಾನು ಯಾವತ್ತೂ ಮಾತಾಡಿಲ್ಲ.

ಅವನ ಎರಡು ನೇಮಗಳನ್ನು ನಾನು ಬಲ್ಲೆ. ಒಂದು, ದಸರೆಗೆ ಖಂಡೋಬನ ಕ್ಷೇತ್ರವಾದ ಜೇಜುರಿಗೆ ಹೋಗುವುದು. ಖಂಡೋಬ ಅವನಿಗೆ ಮೈಲಾರ, ಮನೆದೇವರು, ಹೆಸರು ಕೊಟ್ಟವನು. ಪಲ್ಲಕ್ಕಿ ನೋಡಿ, ಭಂಡಾರದ ಅರಿಶಿನದಲ್ಲಿ ಕಿವಿಯವರೆಗೆ ಹಳದಿಯಾಗಿ ಮರಳುತ್ತಿದ್ದ. ಆಮೇಲೆ ಒಂದು ವಾರ ನನ್ನ ಕೋಲುಗಳ ಹಿಡಿಕೆಯೂ ಹಳದಿ. ಎರಡನೆಯದು, ಆಟ ಶುರುವಾಗುವ ಮುಂಚೆ ಕೋಲು ಎಣಿಸುವುದು. ಒಂದೇ ಸಲ ಎಣಿಸುತ್ತಿದ್ದ, ಬೆರಳು ಮುಟ್ಟಿಸದೆ, ಕಣ್ಣಿನಿಂದ. ಕುರಿಗಾರರ ಮನೆಯವನು. “ಕುರಿ ಎಣಿಸಿದ ಕಣ್ಣ ಅದಾವ್ರಿ ಇವು. ಓಡೋ ಕುರಿ ಎಣಸ್ತಿದ್ದ ನಮ್ಮಪ್ಪ. ಇವು ನಿಂತಾವ, ಇವನ್ನ ಎಣಿಸೂದು ಯಾವ ಲೆಕ್ಕ?” ಎನ್ನುತ್ತಿದ್ದ. ನನಗೆ ಸಿಗುವ ಮುಂಚಿನಿಂದ ಲೆಕ್ಕ ಹಿಡಿದರೆ, ಕ್ಯಾಡಿಯಾಗಿ ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವೂ ತಪ್ಪಿದವನಲ್ಲ. ಬೇರೆ ಕ್ಯಾಡಿಗಳು ಸ್ಪರ್ಧೆಯ ದಿನ ತಮ್ಮ ಚೀಲಗಳನ್ನು ಅವನ ಮುಂದೆ ತಂದು ನಿಲ್ಲಿಸುತ್ತಿದ್ದರು, “ಮಲ್ಹಾರಿ, ಬಘ ರೇ”, ಒಮ್ಮೆ ನೋಡೋ, ಎಂದು. ಅವನು ಸುಮ್ಮನೆ ಕಣ್ಣಾಡಿಸಿ ತಲೆದೂಗಿದರೆ ಆಯಿತು.

ಈಗ ಹನ್ನೊಂದು ವರ್ಷದ ಹಿಂದಿನ ದಸರೆಗೆ ಬರೋಣ. ಇಷ್ಟು ಹೊತ್ತು ಸುತ್ತಿ ಬಳಸಿ ಹೇಳುತ್ತಿದ್ದದ್ದು ಅಲ್ಲಿಗೆ ಹೋಗಲು ಕಾಲು ಬಾರದೆ.

ಆ ವರ್ಷ ದಸರೆಯ ದಿನವೇ ಜೋಡಿಗಳ ಸ್ಪರ್ಧೆ ಇತ್ತು. ನಿವೃತ್ತ ಕರ್ನಲ್ ಒಬ್ಬರು ನನ್ನನ್ನು ತಮ್ಮ ಜೋಡಿಯಾಗಿ ಆರಿಸಿಕೊಂಡಿದ್ದರು. ಅವರು ಯಾರನ್ನೂ ಅಷ್ಟು ಸುಲಭಕ್ಕೆ ಹತ್ತಿರ ಬಿಟ್ಟುಕೊಳ್ಳುವವರಲ್ಲ. ನನಗೆ ಎರಡು ಕೋಡು ಮೂಡಿದ್ದವು. ಮೈಲಾರಪ್ಪನ ಹತ್ತಿರ ಹೋಗಿ, “ಈ ವರ್ಷ ಒಂದ ಸಲ ನಿಲ್ಲತೀರೇನ್ರಿ?” ಎಂದು ಕೇಳಿದೆ. ಅವನು ಚೀಲದ ಪಟ್ಟಿ ಬಿಗಿಮಾಡಿದ, ಸಡಿಲ ಮಾಡಿದ, ಮತ್ತೆ ಬಿಗಿಮಾಡಿದ. “ನಿಲ್ಲತೇನಿ. ಮೈಲಾರಗ ನಾ ಹೇಳ್ಕೋತೇನಿ” ಎಂದ. ಹುಟ್ಟಿದ ಮೇಲೆ ಅವನು ಜೇಜುರಿ ತಪ್ಪಿಸಿದ್ದು ಅದೊಂದೇ ದಸರೆ, ನನ್ನ ಸಲುವಾಗಿ.

ಜಗಳವಾದದ್ದು ವೆಜ್ ಮೇಲೆ. ಅರವತ್ತರದನ್ನು ಆಗಷ್ಟೇ ಕೊಂಡಿದ್ದೆ. ಹುಟ್ಟುಹಬ್ಬಕ್ಕೆ ನನಗೆ ನಾನೇ ಕೊಟ್ಟುಕೊಂಡ ಉಡುಗೊರೆ. ಅದು ಚೀಲದಲ್ಲಿ ಇರಲೇಬೇಕು ಎಂದು ಹಟ ಹಿಡಿದೆ. ಮೈಲಾರಪ್ಪ, “ಅದು ಇನ್ನೂ ಪಳಗಿಲ್ರಿ, ಹೋರಿ ಕರು ಅದು” ಎಂದ. ನಾನು ಕೇಳಲಿಲ್ಲ. “ಆತ್ರಿ ಮತ್ತ. ಒಂದ ಬಂದ್ರ ಒಂದ ಹೋಗಬೇಕು. ಏಳನೇ ಹೋಲಿನ ಗಾಳಿಗಿ ನಾಕ್ ನಂಬರ್ ಐರನ್ ಬೇಕ. ಐವತ್ತೆರಡ ಮನ್ಯಾಗ ಬಿಡೂಣು.” ಒಪ್ಪಿದೆ. ನವಮಿಯ ದಿನ ಸುನಂದಾ ಅವನನ್ನು ಊಟಕ್ಕೆ ಕರೆದಿದ್ದಳು. ದೇವರ ಮುಂದೆ ಅವನೇ ಕೋಲುಗಳನ್ನು ಜೋಡಿಸಿದ: ಚೀಲಕ್ಕೆ ಹೋಗುವ ಹದಿನಾಲ್ಕು ಬಲಕ್ಕೆ, ಮನೆಯಲ್ಲಿ ಉಳಿಯುವ ಐವತ್ತೆರಡು ಎಡಕ್ಕೆ, ಈಳಿಗೆಯ ಪಕ್ಕ. ಪೂಜೆಯಾಯಿತು. ಹೋಳಿಗೆ ಊಟವಾಯಿತು. ಹೊರಡುವಾಗ ಬಲಗಡೆಯ ಹದಿನಾಲ್ಕನ್ನು ಕುಂಕುಮದ ಸಮೇತ ಎತ್ತಿ ಚೀಲಕ್ಕೆ ಹಾಕಿ, ಎಣಿಸಿ, ಕೈಮುಗಿದು, ಜಿಪ್ ಎಳೆದು, ಚೀಲವನ್ನು ನಮ್ಮ ಬಾಗಿಲ ಬಳಿ ನಿಲ್ಲಿಸಿ ಹೋದ.

ಬೆಳಿಗ್ಗೆ ಎದ್ದು ದೇವರಿಗೆ ನಮಸ್ಕಾರ ಮಾಡಲು ಹೋದೆನಲ್ಲ, ಐವತ್ತೆರಡು ಒಂದೇ ಅಲ್ಲಿ ಮಲಗಿತ್ತು. ಹಣೆಗೆ ಕುಂಕುಮ, ತಲೆಗೆ ಬಾಡಿದ ಚೆಂಡುಹೂ. ನಗಬೇಡಿ, ನನಗೆ ಕರುಳು ಚುರುಕ್ ಎಂದಿತು. ಉಳಿದವರೆಲ್ಲ ಹಬ್ಬಕ್ಕೆ ಹೊರಟು ಒಬ್ಬನನ್ನು ಮನೆ ಕಾಯಲು ಬಿಟ್ಟ ಹಾಗೆ. ಪೂಜೆ ಮಾಡಿಸಿಕೊಂಡದ್ದನ್ನು ದಸರೆಯ ದಿನ ಬಿಟ್ಟು ಹೋಗಬಾರದು ಎಂದು ನನಗೆ ನಾನೇ ಒಂದು ಶಾಸ್ತ್ರ ಹೇಳಿಕೊಂಡೆ. ಅದನ್ನು ಚೀಲಕ್ಕೆ ತುರುಕಿದೆ. ಮೋಸ ಮಾಡುವ ಉದ್ದೇಶ ಖಂಡಿತ ಇರಲಿಲ್ಲ. ಕಾರು ನಿಲ್ಲಿಸಿದ ಮೇಲೆ ಆ ನಾಲ್ಕನೆಯ ನಂಬರಿನ ಐರನ್ ತೆಗೆದು ಡಿಕ್ಕಿಯಲ್ಲಿಟ್ಟರೆ ಲೆಕ್ಕ ಸರಿಯಾಯಿತು, ಮೈಲಾರಪ್ಪನಿಗೆ ಆಮೇಲೆ ಹೇಳಿದರಾಯಿತು ಎಂದುಕೊಂಡೆ.

ಕಾರು ನಿಲ್ಲಿಸಿದೆ, ಡಿಕ್ಕಿ ತೆಗೆದೆ. ಅಷ್ಟರಲ್ಲಿ ಕರ್ನಲ್ ಎರಡೂ ಕೈ ತುಂಬ ಬನ್ನಿ ಎಲೆ ಹಿಡಿದು ಬಂದರು. ಇಲ್ಲಿಯವರು ಆ ಎಲೆಗೇ ಚಿನ್ನ ಎನ್ನುತ್ತಾರೆ, “ಸೋನಂ ಘ್ಯಾ” ಎಂದು ಕೊಡುತ್ತಾರೆ. ಸಂಜೆಯವರೆಗೆ ಕಾಯುವ ತಾಳ್ಮೆ ಯಾರಿಗೂ ಇಲ್ಲ. ಕರ್ನಲ್ ಕೊಟ್ಟರು, ನಾನು ಕೊಟ್ಟೆ, ಅಪ್ಪಿಕೊಂಡೆವು. ಇನ್ನೊಬ್ಬರು ಬಂದರು, ಮತ್ತೊಬ್ಬರು ಬಂದರು. ಕೈಯಲ್ಲಿ ಎಲೆ, ಜೇಬಿನಲ್ಲಿ ಎಲೆ, ಟೋಪಿಯಲ್ಲಿ ಎಲೆ. ಮೈಲಾರಪ್ಪ ಬಂದು ನನ್ನ ಕಾಲು ಮುಟ್ಟಲು ಬಗ್ಗಿದ. ನಾನು ತಡೆದು, “ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ” ಎಂದೆ. ಅವನು ಚೀಲವೆತ್ತಿ ನಡೆದ. ನನ್ನ ತಲೆಯಲ್ಲಿ ಆ ಐರನ್ನಿನ ನೆನಪೇ ಇರಲಿಲ್ಲ. ಅವನು ಅವತ್ತು ಅಲ್ಲಿ ಎಣಿಸಲಿಲ್ಲ. ದೇವರ ಮುಂದೆ ಎಣಿಸಿ ಜಿಪ್ ಹಾಕಿದ್ದನ್ನು ಮತ್ತೆ ಎಣಿಸುವುದೆಂದರೆ ದೇವರ ಮೇಲೆ ಸಂಶಯಪಟ್ಟಂತೆ ಅವನಿಗೆ.

ನಾಲ್ಕನೆಯ ಹೋಲಿನಲ್ಲಿ ಅವನು ನನ್ನ ಕೈಗೆ ಐವತ್ತಾರರ ವೆಜ್ ಕೊಟ್ಟ. ಚೀಲದ ಕಡೆ ತಿರುಗಿದವನು ಹಾಗೇ ನಿಂತ. ಅವನ ಕಣ್ಣು ಒಂದು ಸಲ ಚೀಲದ ಮೇಲೆ ಆಡಿತು. ಆಮೇಲೆ ಅವನು ಯಾವತ್ತೂ ಮಾಡದ್ದನ್ನು ಮಾಡಿದ, ಬೆರಳಿಟ್ಟು ಒಂದೊಂದನ್ನೇ ಮುಟ್ಟಿ ಎಣಿಸಿದ.

“ಸಾಹೇಬ್ರ, ಹದಿನೈದ ಅದಾವ.”

ಪಿಸುಗುಟ್ಟಬಹುದಿತ್ತು. ಗಟ್ಟಿಯಾಗಿಯೇ ಹೇಳಿದ, ಎದುರು ಜೋಡಿಯವರಿಗೂ ಕೇಳುವ ಹಾಗೆ. ಕರ್ನಲ್ ದಾಪುಗಾಲು ಹಾಕಿ ಬಂದರು. “ಕೋಣೀ ಮೋಜಲಂ?” ಯಾರು ಎಣಿಸಿದ್ದು ಎಂದು ಗುಡುಗಿದರು. ಮೈಲಾರಪ್ಪ ಕೈಕಟ್ಟಿ ನಿಂತು ಮರಾಠಿಯಲ್ಲಿ, ಎಣಿಸಿದ್ದು ನಾನೇ, ತಪ್ಪು ನನ್ನದೇ ಎಂದ.

ನಾನು ಬಾಯಿ ತೆರೆದೆ. ಸತ್ಯ ನಾಲಿಗೆಯ ತುದಿಯವರೆಗೆ ಬಂದಿತ್ತು, ಆಣೆ ಮಾಡಿ ಹೇಳುತ್ತೇನೆ. ಕೂದಲೆಳೆಯಷ್ಟು ತಪ್ಪು ಹಿಡಿದು ಮಾಲು ವಾಪಸ್ ಕಳಿಸುವ ಮನುಷ್ಯ ನಾನು. ಹದಿನಾಲ್ಕಕ್ಕೂ ಹದಿನೈದಕ್ಕೂ ವ್ಯತ್ಯಾಸ ತಿಳಿಯದವನು ಎಂದು ಅವರೆಲ್ಲರ ಮುಂದೆ ಹೇಗೆ ಒಪ್ಪಿಕೊಳ್ಳಲಿ? ಕಡೆಗೆ ನನ್ನ ಬಾಯಿಂದ ಬಂದದ್ದು ಇದು: “ಹೋಗಲಿ ಬಿಡಿ ಕರ್ನಲ್, ಪಾಪ, ಯಾರಿಗಾದರೂ ತಪ್ಪುತ್ತೆ.” ಕೇಳಿದಿರಾ? ನನ್ನ ತಪ್ಪಿಗೆ ನಾನು ಅವನನ್ನು ಕ್ಷಮಿಸಿದೆ. ದೊಡ್ಡ ಮನಸ್ಸು ಮಾಡಿ!

ನಾಲ್ಕು ಹೊಡೆತದ ದಂಡ ಬಿತ್ತು. ಎರಡು ಹೊಡೆತದಿಂದ ಸೋತೆವು. ಕರ್ನಲ್ ಸಂಜೆಯೊಳಗೆ ಮರೆತರು, ಇನ್ನೂ ಎರಡು ವರ್ಷ ನನ್ನ ಜೋಡಿಯಾಗಿಯೇ ಆಡಿದರು. ಆದರೆ ಕ್ಯಾಡಿಗಳ ಮೇಲ್ವಿಚಾರಕ ಮಾತ್ರ ಸ್ಪರ್ಧೆಯ ದಿನ ಮೈಲಾರಪ್ಪನಿಗೆ ಚೀಲ ಕೊಡುವುದನ್ನು ನಿಲ್ಲಿಸಿದ. ಬೇರೆ ಕ್ಯಾಡಿಗಳು ತಮ್ಮ ಚೀಲ ತಂದು ಅವನ ಮುಂದೆ ನಿಲ್ಲಿಸುವುದೂ ನಿಂತಿತು. ಮಾಮೂಲಿ ಬೆಳಗುಗಳಲ್ಲಿ ನನ್ನ ಚೀಲ ಅವನೇ ಹೊರುತ್ತಿದ್ದ. ಹೊರಡುವ ಮುಂಚೆ ಎಣಿಸುತ್ತಿದ್ದ, ಗಟ್ಟಿಯಾಗಿ, ಬೆರಳು ಮುಟ್ಟಿಸಿ, ಮೂರು ಮೂರು ಸಲ. ಒಂದ, ಎರಡ, ಮೂರ... ಪ್ರತಿ ಅಂಕಿಯೂ ನನಗೆ ಸೂಜಿಯ ಹಾಗೆ ನಾಟುತ್ತಿತ್ತು. ಚುಚ್ಚುತ್ತಿದ್ದಾನೆ, ನನ್ನ ಮಾನ ಉಳಿಸಿದ್ದನ್ನು ದಿನಾ ನೆನಪಿಸುತ್ತಿದ್ದಾನೆ ಎಂದುಕೊಂಡೆ. ಸಣ್ಣ ಮನಸ್ಸು ಯಾವಾಗಲೂ ಎದುರಿನವನ ಜೇಬಿನಲ್ಲೇ ಸೂಜಿ ಹುಡುಕುತ್ತದೆ. ಆದರೂ ಒಳಗೊಳಗೆ ಅವನ ಮೇಲೆ ಬೆಟ್ಟದಷ್ಟು ಗೌರವ. ಸಾಹೇಬರ ಮರ್ಯಾದೆಗಾಗಿ ತಪ್ಪು ಮೈಮೇಲೆ ಎಳೆದುಕೊಂಡ ಪುಣ್ಯಾತ್ಮ ಎಂದು ಮನಸ್ಸಿನಲ್ಲೇ ಕೈಮುಗಿಯುತ್ತಿದ್ದೆ. ಹಾಗೆ ಕೈಮುಗಿದರೆ ಬಾಯಿ ಬಿಡುವ ಕಷ್ಟವಿಲ್ಲ, ನೋಡಿ.

ಎರಡು ವರ್ಷದ ಮೇಲೆ ಮೈಲಾರಪ್ಪ ಕೆಲಸ ಬಿಟ್ಟ. “ಕಣ್ಣ ಸರಿ ಇಲ್ರಿ” ಎಂದ. ತಳೇಗಾಂವದಲ್ಲಿ ಮಗಳು ಶಾಂತಾಳ ಮನೆಗೆ ಹೋಗಿ ನೆಲೆಸಿದ. ಅಳಿಯನಿಗೆ ಅಲ್ಲಿಯ ಕಾರ್ಖಾನೆಯೊಂದರಲ್ಲಿ ಕೆಲಸ. ಪ್ರತಿ ದಸರೆಗೂ ಫೋನ್ ಮಾಡಿ ಬನ್ನಿ ಹೇಳುತ್ತಿದ್ದೆ. ಬರ್ರಿ ಎನ್ನುತ್ತಿದ್ದ. ಬರ್ತೇನ್ರಿ ಎನ್ನುತ್ತಿದ್ದೆ. ಒಂಬತ್ತು ವರ್ಷ ಹೀಗೇ ಹೋಯಿತು.

ಮೊನ್ನೆ ಬಾಲ್ಕನಿಯಲ್ಲಿ ಐವತ್ತೆರಡರ ಗೆರೆಗಳಿಂದ ಕುಂಕುಮ ತೆಗೆಯುತ್ತಿದ್ದಾಗ ಆ ವಾಸನೆ ಮೂಗಿಗೆ ಬಂದು ಎಲ್ಲ ಒಮ್ಮೆಲೇ ಎದುರಿಗೆ ನಿಂತಿತ್ತು. ಹಾಸಿಗೆಯ ಮುಂದೆ ನಿಂತು ಆರಿಸಲಾರದೆ ಹೋದದ್ದೂ ಅದಕ್ಕೇ. ಸುನಂದಾಳಿಗೆ ಎಲ್ಲ ಹೇಳಿಬಿಟ್ಟೆ. ಅವಳಿಗೂ ಇಷ್ಟು ದಿನ ‘ಮೈಲಾರಪ್ಪನ ಎಣಿಕೆ ತಪ್ಪಿತು’ ಎಂದೇ ಹೇಳಿದ್ದೆ. ಅವಳು ಬಟ್ಟೆ ಮಡಿಸುವುದನ್ನು ನಿಲ್ಲಿಸಿದಳು.

“ಅಯ್ಯ ಶಿವನ! ನಮ್ಮ ಮನ್ಯಾಗ ಉಂಡು ಹೋದ ಮನಷ್ಯಾ ರೀ ಅಂವಾ. ಹನ್ನೊಂದ ವರ್ಷ ಇದನ್ನ ಹೊಟ್ಟ್ಯಾಗ ಇಟ್ಗೊಂಡು ನಿದ್ದಿ ಹೆಂಗ ಮಾಡಿದ್ರಿ?”

“ಮಾಡ್ದೆ” ಎಂದೆ. ಅದೂ ನಿಜವೇ ತಾನೆ.

“ಬನ್ನಿ ಕೊಡ್ಲಿಕ್ಕೆ ಹುಣ್ಣಿವಿ ತನಕಾ ಟೈಮ್ ಅದ. ನಾಳೆ ಹೋಗ್ರಿ. ಫೋನ್ ಗೀನ್ ಬ್ಯಾಡ.”

ನಿನ್ನೆ ಹೋದೆ. ಜೇಬಿನಲ್ಲಿ ಬನ್ನಿ, ಡಬ್ಬಿಯಲ್ಲಿ ಸುನಂದಾ ಕಟ್ಟಿದ ಕರದಂಟು, ಡಿಕ್ಕಿಯಲ್ಲಿ ಗಾಲ್ಫ್ ಚೀಲ. ಯಾವ ವೆಜ್ ಒಯ್ಯಬೇಕೆಂದು ಕೇಳಲು ಬಂದೆ ಎನ್ನುವುದು ನನ್ನ ನೆಪ. ನೆಪವಿಲ್ಲದೆ ಒಳ್ಳೆಯ ಕೆಲಸವನ್ನೂ ಮಾಡಲಾರದ ಜಾತಿ ನನ್ನದು.

ಮೈಲಾರಪ್ಪ ಜೇಜುರಿಯಿಂದ ಬೆಳಿಗ್ಗೆಯಷ್ಟೇ ಬಂದಿದ್ದ. ಕಿವಿಯ ಹಿಂದೆ ಇನ್ನೂ ಹಳದಿ ಇತ್ತು. ಕೂದಲು ಪೂರ್ತಿ ನೆರೆತಿದೆ, ಬೆನ್ನು ಮಾತ್ರ ನೆಟ್ಟಗೇ ಇದೆ. “ಅಯ್ಯ, ಸಾಹೇಬ್ರ! ಶಾಂತಾ, ಯಾರ ಬಂದಾರ ನೋಡ!” ಎಂದು ನನ್ನ ಕೈಯಿಂದ ಚೀಲ ಕಸಿದುಕೊಂಡ. ಚಹಾ ಆಯಿತು. ಭುಜದ ಕಥೆ ಆಯಿತು. ಅವನು ಕೋಲುಗಳನ್ನು ಹೊರಗಿನ ಮಂಚದ ಮೇಲೆ ಹರಡಿ, ಹಳೆಯ ಗೆಳೆಯರನ್ನು ಮಾತಾಡಿಸುವವನ ಹಾಗೆ ಒಂದೊಂದನ್ನೇ ಎತ್ತಿ ನೋಡಿದ.

“ಪಿಚಿಂಗ್ ಇರ್ಲಿ. ಐವತ್ತಾರ ಬೇಕ ಬೇಕು. ಮುಖಾ ತೆರದ್ರ ಅದ ಅರವತ್ತು, ಮುಚ್ಚಿದ್ರ ಅದ ಐವತ್ತೆರಡು. ಕೈಗೆ ಗೊತ್ತಿದ್ದದ್ದು ಒಂದ ಇದ್ರ ಸಾಕ್ರಿ. ಈ ಅರವತ್ತು ಮದಲಿಂದನೂ ನಿಮ್ಮ ಮಾತ ಕೇಳಿಲ್ಲ, ಈಗ ಈ ಭುಜಾಕ್ಕ ಕೇಳ್ತದೇನು?” ಎಂದು ನಕ್ಕ. ಆಮೇಲೆ ಐವತ್ತೆರಡನ್ನು ಎತ್ತಿದ. ನಗು ನಿಂತಿತು.

“ಇದನ್ನ ಕಂಡ್ರ ಇವತ್ತಿಗೂ ಆ ದಸರಿ ನೆನಪಾಗತದ್ರಿ. ಪೂಜಿ ಆದಮ್ಯಾಲೆ ನಾನ ಎಣಿಸಿದೆ, ಹದಿನಾಕ ಇತ್ತು ಅಂತ ನನ್ನ ನೆನಪು. ಚೀಲದಾಗ ನೋಡಿದ್ರ ಹದಿನೈದ. ಕಣ್ಣ ಸುಳ್ಳೋ, ನೆನಪ ಸುಳ್ಳೋ? ಆ ವರ್ಷ ಜೇಜುರಿ ಬಿಟ್ಟಿದ್ನೆಲ್ಲ, ಮೈಲಾರ ನನ್ನ ಕಣ್ಣ ಕಟ್ಟ್ಯಾನ ಅಂದ್ಕೊಂಡೆ. ಅವತ್ತಿಂದ ನನ್ನ ಎಣಿಕಿ ಮ್ಯಾಲೆ ನನಗ ನಂಬಿಕಿ ಇಲ್ರಿ.”

ಕಪ್ಪು ಒಯ್ಯಲು ಬಂದ ಶಾಂತಾ ನಗುತ್ತ ಸೇರಿಸಿದಳು: “ಖರೇ ಹೇಳ್ತಾನ್ರಿ ಕಾಕಾ. ಕೀಲಿ ಹಾಕಿ ಮೂರ ಸಲ ಜಗ್ಗತಾನ. ಗ್ಯಾಸ್ ಬಂದ್ ಮಾಡೇನೋ ಇಲ್ಲೋ ಅಂತ ಬಸ್‌ಸ್ಟಾಪಿಂದ ವಾಪಸ್ ಬರ್ತಾನ. ಮಮ್ಮಗಳಿಗಿ ಲೆಕ್ಕ ಹೇಳಿಕೊಡಪಾ ಅಂದ್ರ, ನನಗ ಎಣಿಸಾಕ ಬರೂದಿಲ್ಲವಾ ಅಂತಾನ.”

ಅವಳು ನಗುತ್ತಿದ್ದಳು. ಹನ್ನೊಂದು ವರ್ಷ ನಾನು ಯಾವ ಪುಣ್ಯಾತ್ಮನಿಗೆ ಕೈಮುಗಿದೆನೋ ಅವನು ಇರಲೇ ಇಲ್ಲ. ಅವನು ನನ್ನ ಮಾನ ಉಳಿಸಲು ಸುಳ್ಳು ಹೇಳಿರಲಿಲ್ಲ. ತಾನೇ ತಪ್ಪಿದೆ ಎಂದು ನಿಜವಾಗಿ ನಂಬಿದ್ದ. ಆ ಮೂರು ಮೂರು ಸಲದ ಎಣಿಕೆ ನನ್ನನ್ನು ಚುಚ್ಚಲು ಅಲ್ಲ, ತನ್ನ ಕಣ್ಣನ್ನು ತಾನು ಪರೀಕ್ಷಿಸಿಕೊಳ್ಳಲು. ಸರಿಯಾಗಿದ್ದ ಮಾಲನ್ನು ಕೆಟ್ಟದ್ದೆಂದು ಮುದ್ರೆ ಒತ್ತಿ ಬಿಸಾಕಿದ್ದೆ ನಾನು.

“ಮೈಲಾರಪ್ಪ, ಅದನ್ನ ಚೀಲದಾಗ ಹಾಕಿದಾಂವ ನಾನ್ರಿ” ಎಂದೆ.

ಹೇಳಿದೆ. ದೇವರ ಮುಂದಿನ ಕೋಲು, ಡಿಕ್ಕಿ, ಬನ್ನಿ ಎಲೆ, ಬಾಯಿ ತೆರೆದದ್ದು, ಮುಚ್ಚಿದ್ದು, ಎಲ್ಲ. ಅವನು ಎದ್ದು ಗೇಟಿನ ಹತ್ತಿರ ಹೋಗಿ ನನಗೆ ಬೆನ್ನು ಮಾಡಿ ನಿಂತ. ಶಾಂತಾ ಕಪ್ಪು ಹಿಡಿದುಕೊಂಡೇ ನಿಂತಿದ್ದಳು. ಬೀದಿಯಲ್ಲಿ ಕಾರ್ಖಾನೆಯ ಬಸ್ಸು ಒಂದು ಹಾದುಹೋಯಿತು.

“ಹನ್ನೊಂದ ವರ್ಷ, ಸಾಹೇಬ್ರ” ಎಂದ, ತಿರುಗದೆಯೇ. “ಕರ್ನಲ್ ಸಾಹೇಬ್ರಿಗಿ ಹೇಳೂದ ಬ್ಯಾಡಾಗಿತ್ತು. ಮಂದಿ ಮುಂದ ನಿಮ್ಮ ಮರ್ಯಾದಿ ಇತ್ತು, ನನಗ ತಿಳೀತದ. ಮರುದಿನಾ ನಾವಿಬ್ಬರ ಇದ್ವಿ. ನನಗರೆ ಒಂದ ಮಾತ ಹೇಳಬಾರದಿತ್ತೇನ್ರಿ?”

ಜೇಬಿನಿಂದ ಬನ್ನಿ ತೆಗೆದೆ. ಅವನ ಹತ್ತಿರ ಹೋಗಿ, “ತಪ್ಪಾತ್ರಿ” ಎಂದು ಕಾಲು ಮುಟ್ಟಲು ಬಗ್ಗಿದೆ. ನಮ್ಮ ಕಡೆ ಬನ್ನಿ ಕೊಡುವುದೇ ಹಳೆಯ ತಪ್ಪುಗಳನ್ನು ಒಪ್ಪಿಸಲು, ದೊಡ್ಡವರ ಕಾಲಿಗೆ ಬೀಳಲು. ಹನ್ನೊಂದು ವರ್ಷದ ಹಿಂದೆ ಅವನು ನನ್ನ ಕಾಲಿಗೆ ಬಗ್ಗಿದ್ದು ತಲೆಕೆಳಗಾಗಿತ್ತು. ಅವನು ಗಾಬರಿಯಾಗಿ ತಿರುಗಿ, “ಏ, ಏ, ಭುಜಾ ರೀ, ಭುಜಾ!” ಎಂದು ನನ್ನ ಎಡಗೈ ಹಿಡಿದು ಎಬ್ಬಿಸಿದ. ಎಲೆಗಳನ್ನು ತೆಗೆದುಕೊಂಡ. ಅಂಗೈಯಲ್ಲಿ ಅವನ್ನು ಹರಡಿಕೊಂಡು ನೋಡಿದ.

ಆಮೇಲೆ ಅವನ ಮುಖ ನಿಧಾನವಾಗಿ ಬಿಚ್ಚಿಕೊಂಡಿತು. ನನ್ನನ್ನು ಕ್ಷಮಿಸಿದನೋ ಇಲ್ಲವೋ, ಅವನಿಗೆ ಆ ಹೊತ್ತಿನಲ್ಲಿ ನನ್ನ ವಿಚಾರವೇ ಇರಲಿಲ್ಲ.

“ಅಂದ್ರ ಹದಿನಾಕ ಇತ್ತು?”

“ಹದಿನಾಕ ಇತ್ರಿ.”

“ಶಾಂತಾ! ಕೇಳಿದೇನವಾ? ಹದಿನಾಕ ಇತ್ತು! ನಾ ಎಣಿಸಿದ್ದ ಖರೇ ಇತ್ತು! ಮೈಲಾರ ಸಿಟ್ಟಾಗಿಲ್ಲ! ನನ್ನ ಕಣ್ಣ ಸರಿ ಅದಾವ!” ಎಪ್ಪತ್ತರ ಮುದುಕ ಗೇಟಿನ ಹತ್ತಿರ ನಿಂತು ಕೂಗಿದ. ಆಚೆ ಮನೆಯವರು ಇಣುಕಿದರು. ಅವರಿಗೂ ಮರಾಠಿಯಲ್ಲಿ ಹೇಳಿದ, ಹದಿನಾಲ್ಕೇ ಇತ್ತು ಎಂದು. ಅವರು ಏನು ಹದಿನಾಲ್ಕು ಎಂದು ತಿಳಿಯದೆ, ಹಬ್ಬದ ಮಾತೇನೋ ಎಂದುಕೊಂಡು ಇವನಿಗೆ ಕೈಮುಗಿದರು. ಶಾಂತಾ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ನನ್ನದನ್ನು ಒರೆಸಲು ನಾನು ಕನ್ನಡಕ ತೆಗೆಯಬೇಕಾಯಿತು.

ಐವತ್ತೆರಡನ್ನು ಅವನು ವಾಪಸ್ ಕೊಡಲಿಲ್ಲ. “ಇದು ಇಲ್ಲೆ ಇರ್ಲಿ. ಅಳಿಯಗ ತೋರಸ್ಬೇಕು, ಸಾಕ್ಷಿ. ಆಮ್ಯಾಲೆ ಗಳಕ್ಕ ಕಟ್ಟಿ ನುಗ್ಗಿಕಾಯಿ ಹರೀತೇನಿ, ಕೊಕ್ಕಿ ಭಾಳ ಚಲೋ ಅದ.” ನಾನು ಮೊದಲ ಸಲ ಒಂದು ಕೋಲನ್ನು ಬಿಟ್ಟು ಹೊರಟೆ, ಕರುಳು ಚುರುಕ್ ಎನ್ನಲಿಲ್ಲ. ಅರವತ್ತರದನ್ನು ಚೀಲಕ್ಕೆ ಹಾಕದೆ ಕಾರಿನ ಹಿಂದಿನ ಸೀಟಿನಲ್ಲಿಟ್ಟೆ, ಅದು ಮನೆಗೆ ಬರುತ್ತದೆ; ಮಂಚದ ಕೆಳಗೆ ಉರುಳಿದ ಸಾಮಾನು ಎಳೆಯಲು ಸುನಂದಾ ಬಹಳ ದಿನದಿಂದ ಅದರ ಮೇಲೆ ಕಣ್ಣಿಟ್ಟಿದ್ದಾಳೆ.

ಹೊರಡುವಾಗ ನನಗೆ ಮುಟ್ಟಗೊಡದೆ ಚೀಲವನ್ನು ಅವನೇ ಕಾರಿನವರೆಗೆ ಹೊತ್ತು ತಂದ. ಡಿಕ್ಕಿಯ ಅಂಚಿಗೆ ಆನಿಸಿ ನಿಲ್ಲಿಸಿ, ಬೆರಳು ಮುಟ್ಟಿಸದೆ, ಕಣ್ಣನ್ನು ಒಮ್ಮೆ ಆಡಿಸಿದ.

“ಏಳು” ಎಂದ.

ನಾನು ರೂಢಿಯಂತೆ ಎರಡನೆಯ ಎಣಿಕೆಗಾಗಿ ಕಾದು ನಿಂತೆ. ಅವನು ಆಗಲೇ ಜಿಪ್ ಎಳೆದಾಗಿತ್ತು.